ಸೋದರಮಾವನನ್ನು ನೋಡಿ ಬರಲು ಪೌರತ್ವವೇ ಬೇಕೆ?

ಪ್ರಶ್ನೆ: ನಮ್ಮ ತಾಯಿ 1951ರಲ್ಲಿ ಮಡಗಾಂವದಲ್ಲಿ ಹುಟ್ಟಿದವರು, ಮದುವೆಯಾಗಿ ಬೆಳಗಾವಿಗೆ ಬಂದರು. ಸೋದರಮಾವ ಲಿಸ್ಬನ್‌ನಲ್ಲಿದ್ದಾರೆ, ವಯಸ್ಸಾಗಿದೆ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುವ ಆಸೆ. ತಾಯಿಯ ಆಧಾರದಲ್ಲಿ ನನಗೆ ಪೋರ್ಚುಗಲ್ ಪಾಸ್‌ಪೋರ್ಟ್ ಆಗುತ್ತದೆ, ಆರೇ ತಿಂಗಳ ಕೆಲಸ ಎನ್ನುತ್ತಾರೆ ಏಜೆಂಟರು. ಮಾಡಿಸಲೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಹಕ್ಕು ಇರುವುದು ನಿಜ. ಗೋವಾ ಭಾರತದ ವಶವಾದ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರ ಮಕ್ಕಳಿಗೆ ಪೋರ್ಚುಗಲ್ ಕಾನೂನಿನಲ್ಲಿ ದಾರಿಯಿದೆ. ಆರು ತಿಂಗಳ ಮಾತನ್ನು ಮಾತ್ರ ನಂಬಬೇಡಿ.

ಬರೀ ನೋಡಿ ಬರುವುದಾದರೆ ಷೆಂಗೆನ್ ವೀಸಾ (ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಾಕು. 180 ದಿನಗಳಲ್ಲಿ 90 ದಿನ ಇರಬಹುದು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ, ಮಾವನ ಆಹ್ವಾನ ಪತ್ರ, ಬ್ಯಾಂಕ್ ಲೆಕ್ಕ ಬೇಕು. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ‘ಇವರು ಮರಳುತ್ತಾರೆಯೇ’ ಎಂಬ ಅನುಮಾನಕ್ಕೆ. ರಜೆ ಪತ್ರ, ಆದಾಯ ತೆರಿಗೆ ರಿಟರ್ನ್, ಹೊಲದ ಉತಾರ ಜೊತೆಗಿಡಿ.

ಪೌರತ್ವದ ಲೆಕ್ಕವೇ ಬೇರೆ. ನಮ್ಮಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಬೇಕು, ಮತದಾನವಿಲ್ಲ. ಇಲ್ಲಿರಲು ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಮಾಡಿಸಬೇಕು. ಮೊದಲು ನೋಂದಣಿಯಾಗಬೇಕಾದವರು ತಾಯಿ, ಆದ್ದರಿಂದ ಅವರ ಭಾರತೀಯ ಪಾಸ್‌ಪೋರ್ಟೂ ತೊಡಕಿಗೆ ಸಿಕ್ಕೀತು. ಏಜೆಂಟರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಆದರೂ ಮಾಡಿಸುವುದೇ ಆದರೆ ಕ್ರಮ ತಪ್ಪಬಾರದು: ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ಮೊದಲು ತಾಯಿಯ ಜನನ, ಬಳಿಕ ತಂದೆ-ತಾಯಿಯ ಮದುವೆ, ಕೊನೆಗೆ ನಿಮ್ಮದು. ತಾಯಿಯ ದಾಖಲೆಗೆ ಮಡಗಾಂವದ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ‘ತೆಯೋರ್’ ಎಂದೇ ಕೇಳಿ. ಅದು ಹಳೆಯ ಪುಸ್ತಕದ ಪೂರ್ಣ ನಕಲು. ಚಿಕ್ಕ ಪ್ರಮಾಣಪತ್ರ ನಡೆಯದು. ಕಾಗದಗಳಿಗೆ ಅಪೋಸ್ಟಿಲ್ ಮುದ್ರೆ (ಹೊರದೇಶದಲ್ಲಿ ನಡೆಯಲೆಂದು ಸರ್ಕಾರ ಹಾಕುವ ದೃಢೀಕರಣ), ಪೋರ್ಚುಗೀಸ್ ಅನುವಾದ ಆಗಬೇಕು. ಚೆನ್ನಾಗಿ ಉಳಿಯಲೆಂದು ಲ್ಯಾಮಿನೇಶನ್ ಮಾಡಿಸಿದ್ದರೆ ಹೊಸ ನಕಲು ತೆಗೆಸಿ, ಅದರ ಮೇಲೆ ಅಪೋಸ್ಟಿಲ್ ಅಂಟಿಸುವುದಿಲ್ಲ. ನಿಮ್ಮ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿರಬೇಕು. ಇಲ್ಲಿನ ಆ ಜನನ ನೋಂದಣಿ ನಿಮಗೆ 18 ತುಂಬಿದ ಮೇಲೆ ಆಗಿದ್ದರೆ ಪ್ರಕರಣ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ಅಂದಿನ ಗುಮಾಸ್ತ ‘ಶಾಂತಾ’ ಎಂಬುದನ್ನು ಎಕ್ಸ್ ಅಕ್ಷರದಿಂದ ಬರೆದಿರುತ್ತಾನೆ. ‘ನಾಯಕ್’ ಅಡ್ಡಹೆಸರಿನ ಕೊನೆಗೆ ಕ್ಯೂ, ಯು, ಇ ಬಂದಿರುತ್ತದೆ. ಮೇಲೆ ನಮ್ಮ ಕಡೆ ಅಕ್ಕಿಯಲ್ಲಿ ಬರೆದು ಸೊಸೆಗೆ ಹೊಸ ಹೆಸರಿಡುವ ರೂಢಿ. ಮಡಗಾಂವದ ಪುಸ್ತಕದ ಶಾಂತಾ, ಬೆಳಗಾವಿಯ ಆಧಾರ್‌ನಲ್ಲಿ ಸುನೀತಾ! ಇಬ್ಬರೂ ಒಬ್ಬರೇ ಎಂದು ತೋರಿಸುವ ಕೊಂಡಿ ಮದುವೆ ಪ್ರಮಾಣಪತ್ರ. ಅದರಲ್ಲಿ ತವರಿನ ಹೆಸರಿದೆಯೇ ನೋಡಿಕೊಂಡು ಉಳಿದ ಖರ್ಚಿಗೆ ಕೈಹಾಕಿ.

ಪ್ರಶ್ನೆ: ಮಗ ಪೋರ್ಚುಗಲ್ ಪೌರನಾಗಿ ಓಸಿಐ ಪಡೆದಿದ್ದಾನೆ. ಖಾನಾಪುರದ ಹೊಲವನ್ನು ಅವನ ಹೆಸರಿಗೆ ಬಕ್ಷೀಸ್ ಪತ್ರ ಮಾಡಬಹುದೇ?
– ಓದುಗರು, ಖಾನಾಪುರ

ಉತ್ತರ: ಆಗದು. ಓಸಿಐ ಇದ್ದವರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ಬಕ್ಷೀಸಾಗಿಯೂ ಪಡೆಯುವಂತಿಲ್ಲ. ವಾರಸಾ ಹಕ್ಕಿನಿಂದ ಬಂದರೆ ಇಟ್ಟುಕೊಳ್ಳಬಹುದು. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪೌರರಿಗೇ ಮಾರಬೇಕು.