ಅಮೆರಿಕದಲ್ಲಿ ಮಾಲೀಕರು ಒಪ್ಪದಿದ್ದರೂ ಸರ್ಕಾರ ಅವರ ಮನೆಯನ್ನು ಪಡೆದು ಖಾಸಗಿ ಕಂಪನಿಗೆ ಕೊಡಬಹುದೇ?

ಒಕ್ಕೂಟದ ಸಂವಿಧಾನದ ಮಟ್ಟಿಗೆ ಹೇಳುವುದಾದರೆ, ಕೊಡಬಹುದು. ಆದರೆ ಅನೇಕ ರಾಜ್ಯಗಳ ಕಾನೂನು ಇದಕ್ಕೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಮನೆ ಯಾವ ರಾಜ್ಯದಲ್ಲಿದೆ ಎಂಬುದನ್ನೇ ಮೊದಲು ನೋಡಬೇಕು.

1791ರಲ್ಲಿ ಜಾರಿಗೆ ಬಂದ ಐದನೆಯ ತಿದ್ದುಪಡಿಯ ಪ್ರಕಾರ, ನ್ಯಾಯಯುತ ಪರಿಹಾರ ಕೊಡದೆ ಖಾಸಗಿ ಸ್ವತ್ತನ್ನು ಸಾರ್ವಜನಿಕ ಬಳಕೆಗೆ ತೆಗೆದುಕೊಳ್ಳುವಂತಿಲ್ಲ. ರಸ್ತೆ, ಅಣೆಕಟ್ಟುಗಳ ವಿಷಯದಲ್ಲಿ ಇದರ ಅರ್ಥ ಸ್ಪಷ್ಟ, ಆದರೆ ಖಾಸಗಿ ಅಭಿವೃದ್ಧಿಯೂ ಸಾರ್ವಜನಿಕ ಬಳಕೆಯೇ ಎಂಬುದು ವಿವಾದದ ಪ್ರಶ್ನೆ. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರವು ಉದ್ಯೋಗ ಮತ್ತು ತೆರಿಗೆ ಆದಾಯ ಹೆಚ್ಚುತ್ತದೆಂಬ ಕಾರಣಕ್ಕೆ, ಸುಸ್ಥಿತಿಯಲ್ಲಿದ್ದ ಮನೆಗಳನ್ನು ಖಾಸಗಿ ಅಭಿವೃದ್ಧಿಗಾಗಿ ಪಡೆಯಲು ಹೊರಟಾಗ ಸುಸೆಟ್ ಕೀಲೋ ಮತ್ತು ಕೆಲವು ನೆರೆಹೊರೆಯವರು ದಾವೆ ಹೂಡಿದರು. 2005ರಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ನಗರದ ಪರವಾಗಿ ತೀರ್ಪಿತ್ತಿತು. ಹೀಗಾದರೆ ಹೆಚ್ಚು ತೆರಿಗೆ ಕಟ್ಟಬಲ್ಲವನಿಗೆ ಯಾರ ಸ್ವತ್ತನ್ನು ಬೇಕಾದರೂ ಕೊಡಬಹುದಲ್ಲವೇ ಎಂಬುದು ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರ ಆತಂಕವಾಗಿತ್ತು. ನನಗೆ ಅವರ ವಾದವೇ ಹೆಚ್ಚು ಸರಿಯೆನಿಸುತ್ತದೆ. ಮನೆಗಳನ್ನು ತೆರವುಗೊಳಿಸಿದ ಆ ಜಾಗದಲ್ಲಿ ಹೇಳಿದ ಅಭಿವೃದ್ಧಿಯೇನೂ ಆಗಲಿಲ್ಲ, ಭೂಮಿ ಬಹುಕಾಲ ಖಾಲಿ ಬಿದ್ದಿತ್ತು.

ತೀರ್ಪಿನಿಂದ ಎದ್ದ ಸಾರ್ವಜನಿಕ ಆಕ್ರೋಶಕ್ಕೆ ಮಣಿದು ನಲವತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನುಗಳನ್ನು ತಿದ್ದಿಕೊಂಡವು. ಕೆಲವು ತಿದ್ದುಪಡಿಗಳು ಗಟ್ಟಿಯಾಗಿವೆ. ಇನ್ನು ಕೆಲವು ಶಿಥಿಲ ಪ್ರದೇಶವೆಂದು ಘೋಷಿಸಿ ಸ್ವಾಧೀನಪಡಿಸಿಕೊಳ್ಳುವ ದಾರಿಯನ್ನು ತೆರೆದೇ ಇಟ್ಟಿರುವುದರಿಂದ, ಅವುಗಳನ್ನು ಬರೀ ತೋರಿಕೆಯವೆಂದರೂ ತಪ್ಪಲ್ಲ. ಮಿಷಿಗನ್ 2006ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ವಾಸದ ಮನೆಯನ್ನು ಪಡೆದರೆ ಮಾರುಕಟ್ಟೆ ಮೌಲ್ಯದ ಕನಿಷ್ಠ 125 ಪ್ರತಿಶತ ಪರಿಹಾರ ಕೊಡಬೇಕೆಂದು ವಿಧಿಸಿತು. ಸಾಮಾನ್ಯ ನಿಯಮದಲ್ಲಿ ಮಾರುಕಟ್ಟೆ ಮೌಲ್ಯವಷ್ಟೇ ಸಿಗುತ್ತದೆ, ತಲೆಮಾರುಗಳ ನಂಟಿಗೆ ಬೆಲೆ ಕಟ್ಟುವವರಿಲ್ಲ.

ಆದ್ದರಿಂದ ಸ್ವಾಧೀನವನ್ನೇ ತಡೆಯುವ ಪ್ರಯತ್ನಕ್ಕಿಂತ ಪರಿಹಾರದ ಮೊತ್ತದ ಹೋರಾಟದಲ್ಲಿ ಮಾಲೀಕರಿಗೆ ಹೆಚ್ಚು ಅವಕಾಶವಿದೆ ಎಂಬುದು ನನ್ನ ಅಭಿಪ್ರಾಯ. ಸರ್ಕಾರ ಮುಂದಿಡುವ ಮೊದಲ ಮೊತ್ತವನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ. ಸ್ವತಂತ್ರ ಮೌಲ್ಯಮಾಪಕರ ವರದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಬಹುದು, ಹಲವು ರಾಜ್ಯಗಳಲ್ಲಿ ಮೊತ್ತವನ್ನು ಜ್ಯೂರಿಯೇ (ಸಾಮಾನ್ಯ ನಾಗರಿಕರ ತೀರ್ಪುಗಾರ ಮಂಡಳಿ) ನಿರ್ಧರಿಸುತ್ತದೆ. ಜಮೀನಿನ ಒಂದು ಭಾಗವಷ್ಟೇ ಹೋದಾಗ, ಉಳಿದ ಭಾಗದ ಬೆಲೆ ಕುಸಿದದ್ದಕ್ಕೂ ಪರಿಹಾರ ಕೇಳುವುದನ್ನು ಮರೆಯಬಾರದು. ಒಂದು ಎಚ್ಚರಿಕೆ: ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರ ಠೇವಣಿ ಇಟ್ಟ ಹಣವನ್ನು ಮಾಲೀಕರು ಪಡೆದುಕೊಂಡರೆ, ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಯುತ್ತದೆಯೇ ಹೊರತು ಸ್ವಾಧೀನವನ್ನೇ ಪ್ರಶ್ನಿಸುವ ಹಕ್ಕು ಹೋಗುತ್ತದೆ. ಹಾಗಾಗಿ ಹಣ ಪಡೆಯುವ ಮೊದಲೇ ಆಯಾ ರಾಜ್ಯದ ವಕೀಲರನ್ನು ಕಾಣುವುದು ಒಳಿತು.