ಎರಡು ಹಳೆಯದು ಸೇರಿದರೆ ಹೊಸದಾಗುವುದಿಲ್ಲವೇ?

ಪ್ರಶ್ನೆ: ಕೋಆಕ್ಸಿಯಲ್ ಕೇಬಲ್‌ಗೆ (ಟಿವಿಗೆ ಬರುವಂಥ ದುಂಡು ಕೇಬಲ್) ಹಾಕುವ ಕನೆಕ್ಟರ್ ಒಂದನ್ನು ರೂಪಿಸಿದ್ದೇನೆ. ನಟ್ ಸ್ವಲ್ಪ ಸಡಿಲವಾದರೂ ಗ್ರೌಂಡ್ ಸಂಪರ್ಕ, ಅಂದರೆ ಕೇಬಲ್‌ನ ಹೊರಗಿನ ಲೋಹದ ಪದರದ ಸಂಪರ್ಕ, ತಪ್ಪದ ಹಾಗೆ ಒಳಗೆ ತೆಳ್ಳಗಿನ ಸ್ಪ್ರಿಂಗ್ ರಿಂಗ್ ಕೂರಿಸಿದ್ದೇನೆ. ಅಮೆರಿಕದಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದೆ. ಅರ್ಜಿ ಪರಿಶೀಲಿಸುವ ಅಧಿಕಾರಿ, ಎಕ್ಸಾಮಿನರ್, ಎರಡು ಹಳೆಯ ಪೇಟೆಂಟ್ ತೋರಿಸಿ, ಒಂದರಲ್ಲಿ ಕನೆಕ್ಟರ್ ಇದೆ, ಇನ್ನೊಂದರಲ್ಲಿ ರಿಂಗ್ ಇದೆ, ಎರಡನ್ನೂ ಸೇರಿಸುವುದು ಯಾರಿಗಾದರೂ ಹೊಳೆಯುವಂಥದ್ದು ಎಂದು ತಿರಸ್ಕರಿಸಿದ್ದಾರೆ. ಇಲ್ಲಿಗೆ ಕೈಬಿಡಬೇಕೇ?

ಉತ್ತರ: ಈಗಲೇ ಬಿಡಬೇಡಿ. ನಿಮ್ಮ ಪತ್ರ ಓದಿ, ನನ್ನ ಮೇಜಿನ ಮೇಲಿದ್ದ ಕನೆಕ್ಟರ್‌ನ ನಟ್ ಅನ್ನು ಅರ್ಧ ಸುತ್ತು ಬಿಚ್ಚಿ ನೋಡಿದೆ. ನಡುವಿನ ತಂತಿ ಸಾಕೆಟ್ ಒಳಗೇ ಇತ್ತು. ಪೋಸ್ಟ್‌ನ (ಕನೆಕ್ಟರ್ ಒಳಗಿನ ಲೋಹದ ಕೊಳವೆ) ಅಂಚಿಗೂ ಸಾಕೆಟ್‌ಗೂ ನಡುವೆ ಮಾತ್ರ ಕೂದಲೆಳೆಯಷ್ಟು ಸಂದು. ಹೊರಗಿನ ಸಿಗ್ನಲ್ ನುಗ್ಗೋದು ಅಲ್ಲೇ. ನೀವು ಹಿಡಿದಿರುವ ತೊಂದರೆ ನಿಜವಾದದ್ದು.

ಎಕ್ಸಾಮಿನರ್ ಮಾತಿನಲ್ಲೂ ಹುರುಳಿದೆ. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೆಎಸ್‌ಆರ್ ಪ್ರಕರಣದಲ್ಲಿ, ಕಾರಿನ ಪೆಡಲ್‌ಗೆ ಸೆನ್ಸರ್ ಜೋಡಿಸಿದ್ದ ಪೇಟೆಂಟ್ ಒಂದನ್ನು ಇದೇ ಕಾರಣಕ್ಕೆ ಒಪ್ಪಲಿಲ್ಲ. ಗೊತ್ತಿರುವ ಭಾಗಗಳು ಸೇರಿ, ತಮ್ಮ ಮಾಮೂಲಿ ಕೆಲಸವನ್ನೇ ಮಾಡಿದರೆ ಪೇಟೆಂಟ್ ಸಿಗೋದು ಕಷ್ಟ. ಆದರೆ ಈ ಕಸುಬಿನವರು ಆ ಭಾಗಗಳನ್ನು ಯಾಕೆ ಸೇರಿಸುತ್ತಿದ್ದರು ಅನ್ನೋ ಕಾರಣವನ್ನು ಬಿಡಿಸಿ ಹೇಳಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಆ ಕಾರಣ ಎಕ್ಸಾಮಿನರ್ ಪತ್ರದ ಯಾವ ಸಾಲಿನಲ್ಲಿದೆ, ಹುಡುಕಿ. ನಿಮ್ಮ ಚಿತ್ರ ನೋಡಿದ ಮೇಲೆ ಎಲ್ಲರಿಗೂ ಸುಲಭ ಅನ್ನಿಸುತ್ತದೆ, ಅಲ್ವಾ? ಲೆಕ್ಕಕ್ಕೆ ಬರುವುದು ನೀವು ಅರ್ಜಿ ಹಾಕುವ ಮುಂಚೆ ಈ ಕಸುಬಿನವರಿಗೆ ಏನು ಹೊಳೆಯುತ್ತಿತ್ತು ಅನ್ನೋದು.

ಇನ್ನು ಆ ಎರಡನೇ ಪೇಟೆಂಟ್‌ನ ರಿಂಗ್ ಏನು ಕೆಲಸ ಮಾಡುತ್ತದೆ, ನೋಡಿ. ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ರಿಂಗ್ ಆಗಿದ್ದರೆ, ಕರೆಂಟ್ ಹರಿಯಲೆಂದು ಅದನ್ನು ಇಲ್ಲಿಗೆ ತರಲು ಯಾರಿಗೂ ಕಾರಣವಿಲ್ಲ. ಅದೂ ಲೋಹದ್ದೇ, ಗ್ರೌಂಡ್‌ಗೇ ಇಟ್ಟದ್ದು ಎಂದಾದರೆ ನಿಮ್ಮ ದಾರಿ ಕಿರಿದು. ಆಗ ನಿಮ್ಮ ರಿಂಗ್‌ನ ಸೂಕ್ಷ್ಮಕ್ಕೆ ಹೋಗಬೇಕು. ಸ್ಪ್ರಿಂಗ್ ಬಿಗಿಯಾದರೆ ಬೆರಳಲ್ಲಿ ನಟ್ ತಿರುಗದು, ಮೆತ್ತಗಾದರೆ ಸಂಪರ್ಕ ನಿಲ್ಲದು. ಇವೆರಡನ್ನೂ ಹೇಗೆ ಸರಿತೂಗಿಸಿದಿರಿ? ಅದು ಮೊದಲ ಅರ್ಜಿಯಲ್ಲೇ ಬರೆದಿದ್ದರೆ ಕ್ಲೈಮ್‌ಗೆ, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಹೇಳುವ ಭಾಗಕ್ಕೆ, ತನ್ನಿ. ಬರೆದಿಲ್ಲದಿದ್ದರೆ ಈಗ ಸೇರಿಸಲು ಬಿಡುವುದಿಲ್ಲ.

ಕ್ಲೈಮ್‌ನ ಒಂದೊಂದು ಪದಕ್ಕೂ ಬೆಲೆಯಿದೆ. ಕೋಆಕ್ಸಿಯಲ್ ಕನೆಕ್ಟರ್‌ನದೇ ಒಂದು ಪ್ರಕರಣ 2016ರಲ್ಲಿ ಅಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟಿನಲ್ಲಿತ್ತು. ಒಂದು ಭಾಗ ಇನ್ನೊಂದರ 'ಸುತ್ತ' ಇರುತ್ತದೆ ಎಂದರೆ ಸುತ್ತುವರಿದಿರಬೇಕೇ, ಹತ್ತಿರವಿದ್ದರೆ ಸಾಕೇ ಎಂಬುದರ ಮೇಲೇ ದೊಡ್ಡ ವಾದ. 'ಹತ್ತಿರ' ಎಂದು ಹಿಡಿದರೆ ಕ್ಲೈಮ್ ಅಗಲವಾಗಿ, ಹಳೆಯ ಎಷ್ಟೋ ಕನೆಕ್ಟರ್‌ಗಳು ಅದರೊಳಗೆ ಬಂದು ಬೀಳುತ್ತವೆ.

ಇದೇ ತೊಂದರೆಗೆ ಬೇರೆಯವರು ಒದ್ದಾಡಿ ಸೋತಿದ್ದರೆ, ಅಥವಾ ಈ ರಿಂಗ್‌ನಿಂದಲೇ ಮಾರಾಟ ಜಾಸ್ತಿಯಾಗಿದ್ದರೆ ದಾಖಲೆ ಕೊಡಿ. ಸುಪ್ರೀಂ ಕೋರ್ಟಿನ 1966ರ ಗ್ರಹಾಂ ತೀರ್ಪಿನಿಂದಲೂ ಇಂಥದ್ದನ್ನು ಪರಿಗಣಿಸುತ್ತಾರೆ. ಬೆಲೆ ಕಡಿಮೆ ಅಂತ ಮಾರಾಟವಾಗಿದ್ದರೆ ಪ್ರಯೋಜನವಿಲ್ಲ.

ಉತ್ತರಕ್ಕೆ ಸಾಮಾನ್ಯವಾಗಿ 3 ತಿಂಗಳ ಗಡುವು. ಶುಲ್ಕ ಕಟ್ಟಿದರೆ ಒಟ್ಟು 6 ತಿಂಗಳವರೆಗೆ ಸಿಗುತ್ತದೆ. ಪತ್ರದ ಮೇಲಿನ ತಾರೀಖು ಇವತ್ತೇ ನೋಡಿ.