ಅಮೆಜಾನ್ ಕಥೆ ಯಾವ ಪುಸ್ತಕದಲ್ಲಿದೆ?

ಓದುಗರ ಪತ್ರ: ಅಮೆಜಾನ್ ಕಂಪನಿ ಬಗ್ಗೆ ಬಂದಿರುವ ಪುಸ್ತಕಗಳ ಪಟ್ಟಿ ಹೋದ ಸಂಚಿಕೆಯಲ್ಲಿ ನೋಡಿದೆ. ನನ್ನ ಮಗಳು ಬೆಂಗಳೂರಿನಲ್ಲಿ ಇಂಥದ್ದೇ ಒಂದು ದೊಡ್ಡ ಕಂಪನಿಯಲ್ಲಿದ್ದಾಳೆ, ಹಾಗಾಗಿ ಕುತೂಹಲ. ಆದರೆ ಇವುಗಳಲ್ಲಿ ಅರ್ಧ ಭಜನೆ, ಇನ್ನರ್ಧ ಬೈಗುಳ. ಜನರಿಗೆ ಸಾಮಾನು ಅಗ್ಗವಾಗಿ ಸಿಕ್ಕಿತು, ಕಂಪನಿ ಬೆಳೆಯಿತು. ಅದರಲ್ಲಿ ತಪ್ಪೇನು? ಒಂದೇ ಪುಸ್ತಕ ಓದುವುದಾದರೆ ಯಾವುದು ಓದಲಿ? (ನಿವೃತ್ತ ಶಿಕ್ಷಕರು, ತಿಪಟೂರು)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನೀವು ಒಂದು ಕೇಳಿದ್ದೀರಿ, ನಾನು ಎರಡು ಹೇಳುತ್ತೇನೆ. ಈ ಕಂಪನಿಯ ಕಥೆ ಒಂದು ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ಬರೆದವರು ಯಾರ ಪಕ್ಕ ಕೂತು ಕಥೆ ಕೇಳಿದರು ಅನ್ನುವುದರ ಮೇಲೆ ಕಥೆಯೇ ಬದಲಾಗುತ್ತದೆ.

ಮೊದಲನೆಯದು ಪತ್ರಕರ್ತ ಬ್ರಾಡ್ ಸ್ಟೋನ್ ಅವರ ‘ದಿ ಎವೆರಿಥಿಂಗ್ ಸ್ಟೋರ್’, 2013ರಲ್ಲಿ ಬಂದದ್ದು. ಈ ಪುಸ್ತಕಕ್ಕಾಗಿ ಕೂತು ಮಾತಾಡಲು ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ ಒಪ್ಪಲಿಲ್ಲ. ಆದರೆ ತಮ್ಮ ಅಧಿಕಾರಿಗಳು, ಮನೆಯವರು, ಸ್ನೇಹಿತರು ಮಾತಾಡುವುದಕ್ಕೆ ಅಡ್ಡ ಬರಲಿಲ್ಲ. ಪುಸ್ತಕ ಬಂದ ಮೇಲೆ ಅವರ ಆಗಿನ ಪತ್ನಿ ಮೆಕೆಂಜಿ ಅಮೆಜಾನ್ ತಾಣದಲ್ಲೇ ಅದಕ್ಕೆ ಒಂದು ಸ್ಟಾರ್ ಕೊಟ್ಟು ಉದ್ದನೆಯ ವಿಮರ್ಶೆ ಬರೆದರು. ಕಂಪನಿ ಶುರುಮಾಡುವ ಯೋಚನೆಯ ಹೊತ್ತಿಗೆ ಬೆಜೋಸ್ ಕಜುಓ ಇಶಿಗುರೊ ಅವರ ಒಂದು ಕಾದಂಬರಿ ಓದಿದ್ದರು ಎಂದು ಸ್ಟೋನ್ ಬರೆದಿದ್ದರು. ಅದನ್ನು ಓದಿದ್ದೇ ಕಂಪನಿ ಶುರುವಾಗಿ ಒಂದು ವರ್ಷವಾದ ಮೇಲೆ ಎಂದು ಆಕೆ ತಿದ್ದಿದರು. ಆ ವಿಮರ್ಶೆಯನ್ನೂ ಓದಿ. ಆದರೆ ಅದೊಂದರಿಂದ ಪುಸ್ತಕವನ್ನು ತಳ್ಳಿಹಾಕಬೇಡಿ.

ಯಾಕೆಂದರೆ ನಿಮ್ಮ ‘ತಪ್ಪೇನು’ ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಕ್ವಿಡ್ಸಿ ಅಂತ ಒಂದು ಚಿಕ್ಕ ಕಂಪನಿ. ಡೈಪರ್ಸ್ ಡಾಟ್ ಕಾಮ್ ಹೆಸರಲ್ಲಿ ಮಕ್ಕಳ ಡೈಪರನ್ನು ಮನೆಗೆ ಬೇಗ ತಲುಪಿಸಿ ಒಳ್ಳೇ ಹೆಸರು ಮಾಡಿತ್ತು. ಅಮೆಜಾನ್ ಕೊಂಡುಕೊಳ್ಳಲು ಕೇಳಿತು. ಇವರು ಒಪ್ಪಲಿಲ್ಲ. ಅಮೆಜಾನ್ ತನ್ನ ಡೈಪರ್ ಬೆಲೆಯನ್ನು ಶೇ. 30ರವರೆಗೆ ಇಳಿಸಿತು. ಕ್ವಿಡ್ಸಿಯವರು ತಮ್ಮ ಬೆಲೆ ಬದಲಿಸಿ ನೋಡಿದರು. ಅತ್ತ ಅಮೆಜಾನಿನ ಬೆಲೆಯೂ ತಾನಾಗಿ ಬದಲಾಗುತ್ತಿತ್ತು. ಮೂರು ತಿಂಗಳಲ್ಲಿ ಡೈಪರ್ ಒಂದರಲ್ಲೇ ಅಮೆಜಾನ್ ಹತ್ತು ಕೋಟಿ ಡಾಲರ್ ಕಳೆದುಕೊಳ್ಳಲು ತಯಾರಿದೆ ಎಂದು ಇವರು ಲೆಕ್ಕ ಹಾಕಿದರು. ಅಂಥವರ ಮುಂದೆ ಎಷ್ಟು ದಿನ ನಿಲ್ಲುವುದು? 2010ರಲ್ಲಿ ಸುಮಾರು 54 ಕೋಟಿ ಡಾಲರಿಗೆ ಮಾರಿಬಿಟ್ಟರು. 2017ರಲ್ಲಿ ಅಮೆಜಾನ್ ಅದನ್ನು ಮುಚ್ಚುವುದಾಗಿ ಹೇಳಿತು.

ಆ ಪೈಪೋಟಿ ನಡೆದಷ್ಟು ದಿನ ತಾಯಂದಿರಿಗೆ ಡೈಪರ್ ಅಗ್ಗವಾಗಿ ಸಿಕ್ಕಿದ್ದು ನಿಜ. ಅಷ್ಟನ್ನೇ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದ ಲೀನಾ ಖಾನ್ ಕೇಳಿದ್ದೂ ಅದನ್ನೇ: ಇವತ್ತಿನ ಬೆಲೆಯೊಂದನ್ನೇ ನೋಡಿದರೆ ಸಾಕಾ? 2017ರಲ್ಲಿ ಬಂದ ಅವರ ಪ್ರಬಂಧದಲ್ಲಿ ಈ ಡೈಪರ್ ಕಥೆ ಇದೆ, ಸ್ಟೋನ್ ಪುಸ್ತಕದ ಉಲ್ಲೇಖವೂ ಇದೆ. ಅದೇ ಲೀನಾ ಖಾನ್ ಮುಂದೆ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಅಧ್ಯಕ್ಷೆಯಾದರು. 2023ರಲ್ಲಿ ಆ ಕಮಿಷನ್ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಒಬ್ಬ ಪತ್ರಕರ್ತ ತಾಳ್ಮೆಯಿಂದ ಕಲೆಹಾಕಿದ ವಿವರ ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಇಂಥ ಪುಸ್ತಕವನ್ನು ಬೈಗುಳ ಅನ್ನಲು ನನಗೆ ಮನಸ್ಸಿಲ್ಲ.

ಎರಡನೆಯದು ಅಲೆಕ್ ಮೆಕ್‌ಗಿಲಿಸ್ ಅವರ ‘ಫುಲ್‌ಫಿಲ್‌ಮೆಂಟ್’, 2021ರದ್ದು. ಇದರಲ್ಲಿ ಬೆಜೋಸ್ ಅಪರೂಪ. ಲೇಖಕರು ಊರೂರು ಸುತ್ತಿದ್ದಾರೆ. ಅಮೆರಿಕದ ಬಾಲ್ಟಿಮೋರ್ ನಗರದ ಪಕ್ಕದ ಸ್ಪ್ಯಾರೋಸ್ ಪಾಯಿಂಟ್‌ನಲ್ಲಿ ಬೆತ್ಲೆಹೆಮ್ ಸ್ಟೀಲಿನ ಕಾರ್ಖಾನೆ ಇತ್ತು. ಒಂದು ಕಾಲಕ್ಕೆ ಸುಮಾರು 30 ಸಾವಿರ ಜನ ದುಡಿಯುತ್ತಿದ್ದರು. 2012ರಲ್ಲಿ ಉಕ್ಕಿನ ಕೆಲಸ ನಿಂತಿತು. ಆಮೇಲೆ ಅದೇ ಜಾಗದಲ್ಲಿ ಅಮೆಜಾನ್ ಗೋದಾಮು ಎದ್ದಿತು. ಉಕ್ಕಿನ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದ ಒಬ್ಬರು ಅರವತ್ತು ದಾಟಿದ ಮೇಲೆ ಅದೇ ನೆಲಕ್ಕೆ ಫೋರ್ಕ್‌ಲಿಫ್ಟ್ ಓಡಿಸಲು ವಾಪಸ್ ಬರುತ್ತಾರೆ. ಕೂಲಿ ಮೊದಲಿನ ಅರ್ಧಕ್ಕಿಂತ ಕಡಿಮೆ. ಉಕ್ಕಿನ ಕಾರ್ಖಾನೆ ಸ್ವರ್ಗವಾಗಿತ್ತು ಅಂತ ಲೇಖಕರು ಎಲ್ಲೂ ಹೇಳುವುದಿಲ್ಲ. ಕೈಕಾಲು ಕಳೆದುಕೊಂಡವರು, ಪ್ರಾಣ ಬಿಟ್ಟವರು ಅಲ್ಲೂ ಇದ್ದರು. ಆದರೆ ಅಲ್ಲಿ ಯೂನಿಯನ್ ಇತ್ತು, ಮನೆ ನಡೆಸುವಷ್ಟು ಸಂಬಳ ಇತ್ತು. ಸ್ಟೋನ್ ಪುಸ್ತಕ ಮುಗಿಸಿ ಇದನ್ನು ಕೈಗೆತ್ತಿಕೊಂಡರೆ, ಅಲ್ಲಿ ಓದಿದ ‘ಅಗ್ಗದ ಬೆಲೆ’ಯ ಇನ್ನೊಂದು ಮುಖ ಕಾಣುತ್ತದೆ.

ನೀವು ಭಜನೆ ಅಂದಿದ್ದು ಬಹುಶಃ ಕಾಲಿನ್ ಬ್ರೈಯರ್ ಮತ್ತು ಬಿಲ್ ಕಾರ್ ಬರೆದ ‘ವರ್ಕಿಂಗ್ ಬ್ಯಾಕ್‌ವರ್ಡ್ಸ್’ ಪುಸ್ತಕವನ್ನು. ಇಬ್ಬರೂ ಒಳಗಿದ್ದವರು, ಹೊಗಳಿಕೆ ಜಾಸ್ತಿ ಇದೆ. ಆದರೂ ಪವರ್‌ಪಾಯಿಂಟ್ ಬಿಟ್ಟು ಆರು ಪುಟದ ಬರಹ ತಂದು, ಎಲ್ಲರೂ ಮೊದಲು ಸುಮ್ಮನೆ ಕೂತು ಓದಿ, ಆಮೇಲೆ ಮಾತಾಡುವ ಸಭೆಯ ವಿವರ ಚೆನ್ನಾಗಿದೆ. ಅದು ನಿಮ್ಮ ಮಗಳಿಗೆ ಇಷ್ಟವಾದೀತು.

ಇನ್ನು ನನ್ನ ಸಂಕಟ ಹೇಳಿಕೊಳ್ಳುತ್ತೇನೆ. ಪತ್ರಿಕೆ ನಡೆಸುವವನಿಗೆ ಸ್ಟೋನ್ ಪುಸ್ತಕದಲ್ಲಿ ನಿದ್ದೆ ಕೆಡಿಸುವ ಭಾಗ ಒಂದಿದೆ. ಸಣ್ಣ ಪ್ರಕಾಶಕರನ್ನು ಬಡಕಲು ಜಿಂಕೆಯ ಬೆನ್ನು ಹತ್ತುವ ಚೀತಾದ ಹಾಗೆ ಹಿಡಿಯಬೇಕು ಎಂದು ಬೆಜೋಸ್ ಸಭೆಯಲ್ಲಿ ಅಂದರಂತೆ. ಅವರ ಜೊತೆಗಿನ ಆ ಚೌಕಾಸಿ ಕೆಲಸಕ್ಕೆ ಆ ಜಿಂಕೆಯ ಇಂಗ್ಲಿಷ್ ಹೆಸರು ‘ಗ್ಯಾಝೆಲ್’ ಎಂದೇ ಬಿತ್ತು. ಕೊನೆಗೆ ಕಂಪನಿಯ ವಕೀಲರೇ ಹೆಸರು ಬದಲಿಸಿ ಅಂದರು. ನಮ್ಮಲ್ಲೂ ಒಂದು ಉದಾಹರಣೆ ಇದೆ. ವೆಸ್ಟ್‌ಲ್ಯಾಂಡ್ ಎಂಬ ಭಾರತದ ಒಳ್ಳೆಯ ಪ್ರಕಾಶನವನ್ನು ಅಮೆಜಾನ್ ಕೊಂಡಿತು, 2022ರಲ್ಲಿ ಮುಚ್ಚುತ್ತೇವೆ ಎಂದಿತು. ಓದುಗರು ಪ್ರತಿಗಳಿಗೆ ಮುಗಿಬಿದ್ದರು. ಆ ತಂಡದ ಕೈ ಹಿಡಿದದ್ದು ನಮ್ಮ ಬೆಂಗಳೂರಿನ ಆನ್‌ಲೈನ್ ಕಥೆಗಳ ಕಂಪನಿ ಪ್ರತಿಲಿಪಿ.

ಅಮೆಜಾನ್ ಕಥೆಯ ಎಷ್ಟೋ ಪುಟಗಳು ಬೆಂಗಳೂರಿನಲ್ಲೇ ನಡೆದಿವೆ, ಅಲ್ವಾ? ಅಮೆಜಾನಿನಲ್ಲಿ ಕೆಲಸ ಮಾಡಿದ್ದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ 2007ರಲ್ಲಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದರು. ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಬುಕ್‌ಮಾರ್ಕ್ ಹಂಚಿದರು. 2014ರಲ್ಲಿ ಬೆಜೋಸ್ ಬೆಂಗಳೂರಿಗೆ ಬಂದು, ಅಲಂಕರಿಸಿದ ಲಾರಿ ಮೇಲೆ ನಿಂತು 200 ಕೋಟಿ ಡಾಲರಿನ ದೊಡ್ಡ ಚೆಕ್ ತೋರಿಸಿದರು. 2018ರಲ್ಲಿ ವಾಲ್‌ಮಾರ್ಟ್ ಬಂದು ಫ್ಲಿಪ್‌ಕಾರ್ಟಿನ ದೊಡ್ಡ ಪಾಲು ಕೊಂಡಿತು. ಮಿಹಿರ್ ದಲಾಲ್ ‘ಬಿಗ್ ಬಿಲಿಯನ್ ಸ್ಟಾರ್ಟಪ್’ನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಚೆನ್ನಾಗಿಯೂ ಬರೆದಿದ್ದಾರೆ. ಆದರೆ ಬೆನ್ನಿಗೆ ಚೀಲ ಹೊತ್ತು ಮೂರನೇ ಮಹಡಿ ಹತ್ತುವ ಹುಡುಗ, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಣುಮಗಳು, ಗಿರಾಕಿ ಕಳೆದುಕೊಂಡ ನಿಮ್ಮೂರಿನ ಮೊಬೈಲ್ ಅಂಗಡಿಯವರು, ಇವರೆಲ್ಲ ಕನ್ನಡದಲ್ಲಿ ಮಾತಾಡುವವರು. ಅವರ ಪಕ್ಕ ಕೂತು ಬರೆಯುವ ಪುಸ್ತಕ ಕನ್ನಡದಲ್ಲೇ ಬರಬೇಕು ಅನ್ನುವುದು ನನ್ನ ಆಸೆ.

ಅದಕ್ಕೇ ನಿಮ್ಮ ಮಗಳಿಗೆ ಒಂದು ಮಾತು ತಲುಪಿಸಿ. ತನ್ನ ಕಂಪನಿಯಲ್ಲಿ ಒಂದು ದಿನದ ಕೆಲಸ ಹೇಗಿರುತ್ತದೆ ಅಂತ ಆಕೆ ಬರೆದರೆ ನಾಲ್ಕು ಪುಟ ಕೊಡುತ್ತೇವೆ. ಹೊಗಳಿದರೂ ಸರಿ, ದೂರಿದರೂ ಸರಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ.